ಸೋರಿದ ಇಂಧನ ನೆಲದೊಳಗೆ ತಾನಾಗಿಯೇ ವಿಘಟನೆಯಾಗುತ್ತಿದೆ ಎನ್ನಲು ಎಂಥ ಪುರಾವೆ ಬೇಕು?

ತಾಣಪಾಲಕ (ಚರ್ಚೆ ಆರಂಭಿಸಿದವರು)

ಹಳೆಯ ಕೈಗಾರಿಕಾ ಆವರಣವೊಂದರ ಪರಿಸರ ವಿಭಾಗದಲ್ಲಿ ಕೆಲಸ ಮಾಡುತ್ತಿದ್ದೇನೆ. ಇಲ್ಲಿ ನೆಲದಡಿಯಲ್ಲಿದ್ದ ಪೆಟ್ರೋಲ್ ಮತ್ತು ಡೀಸೆಲ್ ಟ್ಯಾಂಕುಗಳು ಸೋರಿ, ಇಂಧನವು ಮಣ್ಣಿಗೂ ಅಂತರ್ಜಲಕ್ಕೂ ಸೇರಿದೆ. ಟ್ಯಾಂಕುಗಳನ್ನೂ ಅವುಗಳ ಸುತ್ತಲಿನ ನೆನೆದ ಮಣ್ಣನ್ನೂ ತೆಗೆದು ಸಾಗಿಸಿದ್ದಾಗಿದೆ. ಆಳದಲ್ಲಿ ಉಳಿದದ್ದು ಅಲ್ಲೇ ಇದೆ. ಅದಾದ ಮೇಲೆ ವೀಕ್ಷಣಾ ಬಾವಿಗಳಿಂದ ನಾಲ್ಕು ಸುತ್ತು ನೀರಿನ ಮಾದರಿ ತೆಗೆಯಲಾಗಿದ್ದು, ಮೂಲಕ್ಕೆ ಹತ್ತಿರದ ಬಾವಿಯಲ್ಲಿ ಇಂಧನದ ವಿಷಕಾರಿ ಘಟಕವಾದ ಬೆಂಜೀನ್ ಪ್ರಮಾಣವು ಸುತ್ತಿನಿಂದ ಸುತ್ತಿಗೆ ಇಳಿಯುತ್ತಾ ಬಂದಿದೆ.

ಇದನ್ನೇ ಆಧಾರವಾಗಿಟ್ಟುಕೊಂಡು ಸಲಹಾ ಸಂಸ್ಥೆಯವರು, ಸೂಕ್ಷ್ಮಜೀವಿಗಳೇ ಇಂಧನವನ್ನು ಒಡೆಯುತ್ತಿರುವುದರಿಂದ ಇನ್ನು ಪಂಪು ಹಾಕಿ ನೀರನ್ನು ಹೊರತೆಗೆದು ಶುದ್ಧೀಕರಿಸುವ ಅಗತ್ಯವಿಲ್ಲ, ನಿಗಾ ಇಟ್ಟರೆ ಸಾಕು ಎಂದು ವರದಿ ಕೊಟ್ಟಿದ್ದಾರೆ. ಇಂಧನ ಸೋರಿಕೆಯ ಹೆಚ್ಚಿನ ತಾಣಗಳಲ್ಲಿ ಬೆಂಜೀನ್ ಬಹಳ ದೂರ ಹೋಗುವುದಿಲ್ಲ ಎಂದು 1995ರಲ್ಲಿ ಅಮೆರಿಕದ ಲಾರೆನ್ಸ್ ಲಿವರ್‌ಮೋರ್ ರಾಷ್ಟ್ರೀಯ ಪ್ರಯೋಗಾಲಯವು ಕ್ಯಾಲಿಫೋರ್ನಿಯಾದ ತಾಣಗಳನ್ನು ಪರಿಶೀಲಿಸಿ ಹೇಳಿದ್ದನ್ನೂ ಅವರು ಉಲ್ಲೇಖಿಸಿದ್ದಾರೆ. ಆಡಳಿತ ವರ್ಗಕ್ಕೆ ಈ ವರದಿ ಹಿತವಾಗಿದೆ. ಸಹಿ ಹಾಕಬೇಕಾದ ನನಗೆ ಮಾತ್ರ ಇಷ್ಟು ಪುರಾವೆ ಸಾಕೆ ಎಂಬ ಅನುಮಾನ ಬಿಟ್ಟಿಲ್ಲ. ಈ ಕ್ಷೇತ್ರದಲ್ಲಿ ಕೆಲಸ ಮಾಡಿದವರು, ಇಂಥ ವರದಿಯಲ್ಲಿ ಏನೇನನ್ನು ಹುಡುಕಬೇಕೆಂದು ದಯವಿಟ್ಟು ತಿಳಿಸಿ.

ನೆಲಜಲ

ಅನುಮಾನ ಸರಿಯಾದ ಜಾಗದಲ್ಲೇ ಹುಟ್ಟಿದೆ. ಒಂದು ಬಾವಿಯಲ್ಲಿ ಬೆಂಜೀನ್ ಇಳಿದದ್ದು ನಿಜವಿರಬಹುದು, ಆದರೆ ಅದು ಏಕೆ ಇಳಿಯಿತು ಎಂಬುದನ್ನು ಆ ಇಳಿಕೆಯೇ ಹೇಳುವುದಿಲ್ಲ. ಸೂಕ್ಷ್ಮಜೀವಿಗಳು ಅದನ್ನು ಒಡೆದಿರಬಹುದು. ಮಳೆನೀರು ಇಂಗಿ ತೆಳುವಾಗಿಸಿರಬಹುದು. ಮಣ್ಣಿನ ಸಾವಯವ ಅಂಶಕ್ಕೆ ಅಂಟಿಕೊಂಡಿರಬಹುದು. ಆವಿಯಾಗಿ ಮೇಲೆದ್ದು ಹೋಗಿರಬಹುದು. ಅಥವಾ ಅಂತರ್ಜಲದ ಹರಿವಿನ ದಿಕ್ಕು ಸ್ವಲ್ಪ ತಿರುಗಿ, ಕಲುಷಿತ ನೀರು ಆ ಬಾವಿಯನ್ನು ತಪ್ಪಿಸಿ ಪಕ್ಕದಲ್ಲಿ ಸಾಗುತ್ತಿರಬಹುದು. ಈ ಐದರಲ್ಲಿ ಮೊದಲನೆಯದು ಮಾತ್ರ ಮಾಲಿನ್ಯವನ್ನು ನಾಶಮಾಡುತ್ತದೆ. ಉಳಿದವುಗಳಲ್ಲಿ ಇಂಧನವು ಬೇರೆಡೆಗೆ ಸರಿಯುತ್ತದೆ ಅಥವಾ ಹೆಚ್ಚು ನೀರಿನಲ್ಲಿ ಹರಡಿಕೊಳ್ಳುತ್ತದೆ, ಅಷ್ಟೆ.

ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯು 1999ರಲ್ಲಿ ಹೊರಡಿಸಿದ ನಿರ್ದೇಶನವು ಇದಕ್ಕಾಗಿಯೇ ಮೂರು ಹಂತದ ಪುರಾವೆಯನ್ನು ವಿವರಿಸುತ್ತದೆ: ಸೂಕ್ತ ಬಾವಿಗಳಲ್ಲಿ ಕಾಲಕ್ರಮೇಣ ಕಾಣುವ ಅರ್ಥಪೂರ್ಣ ಇಳಿಕೆ, ವಿಘಟನೆ ನಡೆಯುತ್ತಿರುವುದನ್ನು ಪರೋಕ್ಷವಾಗಿ ತೋರಿಸುವ ನೀರಿನ ರಾಸಾಯನಿಕ ಚಹರೆ, ಮತ್ತು ಅಗತ್ಯವಿದ್ದಲ್ಲಿ ಕ್ಷೇತ್ರದಲ್ಲಿ ಅಥವಾ ಪ್ರಯೋಗಾಲಯದಲ್ಲಿ ಆ ವಿಘಟನೆಯನ್ನು ನೇರವಾಗಿ ತೋರಿಸುವ ಪರೀಕ್ಷೆ. ನಿಮ್ಮ ವರದಿ ಮೊದಲನೆಯದರ ಹೊಸ್ತಿಲಲ್ಲೇ ನಿಂತಿದೆ. ನಿಗಾಸಹಿತ ನೈಸರ್ಗಿಕ ಕ್ಷೀಣತೆ (ಮಾಲಿನ್ಯ ತಾನಾಗಿ ಕುಗ್ಗುವುದನ್ನು ಅಳೆಯುತ್ತಾ ಕಾಯುವ ವಿಧಾನ) ಎಂದರೆ ಏನೂ ಮಾಡದೆ ಬಿಡುವುದಲ್ಲ ಎಂದು ಅದೇ ನಿರ್ದೇಶನ ಸ್ಪಷ್ಟಪಡಿಸುತ್ತದೆ.

ಮೊದಲು ನೀರಿನ ಮಟ್ಟದ ದಾಖಲೆಗಳನ್ನು ತರಿಸಿಕೊಳ್ಳಿ. ಪ್ರತಿ ಸುತ್ತಿನಲ್ಲೂ ಎಲ್ಲ ಬಾವಿಗಳ ಮಟ್ಟವನ್ನು ಒಂದೇ ದಿನ ಅಳೆದು ಹರಿವಿನ ನಕ್ಷೆ ಬರೆದಿದ್ದಾರೆಯೇ ನೋಡಿ. ಇಂಧನವು ನೀರಿಗಿಂತ ಹಗುರವಾದ್ದರಿಂದ ನೀರಿನ ಮೇಲ್ಮೈಯ ಆಸುಪಾಸಿನಲ್ಲಿ ನಿಲ್ಲುತ್ತದೆ. ಋತುವಿಗೆ ತಕ್ಕಂತೆ ನೀರು ಏರಿಳಿಯುವಾಗ ಅದು ಮಣ್ಣಿನ ಒಂದು ದಪ್ಪ ಪದರಕ್ಕೆ ಮೆತ್ತಿಕೊಳ್ಳುತ್ತದೆ. ನೀರು ಏರಿದಾಗ ಈ ಮೆತ್ತಿಕೊಂಡ ಪದರ ಮುಳುಗಿ, ಬಾವಿಯ ಜಾಲರಿ ಭಾಗಕ್ಕೆ (ನೀರು ಒಳಬರುವ ರಂಧ್ರಗಳ ಭಾಗಕ್ಕೆ) ಮೇಲಿನಿಂದ ಹೊಸ ನೀರು ಸೇರಿ, ಬೆಂಜೀನ್ ಇಳಿದಂತೆ ಕಾಣುವುದುಂಟು. ಬರಗಾಲದಲ್ಲಿ ನೀರು ಕೆಳಗಿಳಿದಾಗ ಅದೇ ಬಾವಿಯಲ್ಲಿ ತೇಲುವ ಇಂಧನವೇ ಮತ್ತೆ ಕಾಣಿಸಿಕೊಂಡ ಉದಾಹರಣೆಗಳು ಬೇಕಾದಷ್ಟಿವೆ. ಬೆಂಜೀನ್ ಅಂಕಿಯನ್ನೂ ನೀರಿನ ಮಟ್ಟವನ್ನೂ ಒಂದೇ ರೇಖಾಚಿತ್ರದಲ್ಲಿ ಬರೆದು ನೋಡಿದರೆ ಅರ್ಧ ಉತ್ತರ ಅಲ್ಲೇ ಸಿಗುತ್ತದೆ.

ಕ್ಯಾಲಿಫೋರ್ನಿಯಾದ ಆ ಅಧ್ಯಯನ ಗೌರವಾರ್ಹವಾದದ್ದೇ. ಹಲವು ತಾಣಗಳನ್ನು ಒಟ್ಟಾಗಿ ನೋಡಿದಾಗ ಬೆಂಜೀನ್ ಹರವು (ನೀರಿನಲ್ಲಿ ಅದು ಹರಡಿರುವ ಪ್ರದೇಶ) ಸಾಮಾನ್ಯವಾಗಿ ಚಿಕ್ಕದೆಂದು ಅದು ತೋರಿಸಿತು. ಆದರೆ ನಿಮ್ಮ ತಾಣವು ಆ ಸಾಮಾನ್ಯ ಗುಂಪಿಗೆ ಸೇರುತ್ತದೆಯೋ ಅಪವಾದಕ್ಕೆ ಸೇರುತ್ತದೆಯೋ ಎಂಬುದನ್ನು ನಿಮ್ಮ ನೆಲವನ್ನು ಅಳೆದೇ ತಿಳಿಯಬೇಕು. ಬಿರುಕುಬಿಟ್ಟ ಕಲ್ಲಿನಲ್ಲಿ ನೀರು ಸಾಗುವ ಬಗೆಗೂ ಮರಳುಪದರದಲ್ಲಿ ಸಾಗುವ ಬಗೆಗೂ ಅಜಗಜಾಂತರವಿದೆ.

ಅಣುಜೀವಿ

ನೆಲಜಲ ಅವರು ಹೇಳಿದ ಎರಡನೆಯ ಹಂತವನ್ನು ನಾನು ಸ್ವಲ್ಪ ವಿಸ್ತರಿಸುತ್ತೇನೆ, ಏಕೆಂದರೆ ಇಂಥ ವರದಿಗಳಲ್ಲಿ ಅತಿ ಹೆಚ್ಚು ನಿರ್ಲಕ್ಷ್ಯಕ್ಕೆ ಒಳಗಾಗುವುದು ಅದೇ.

ಸೂಕ್ಷ್ಮಜೀವಿಗಳು ಇಂಧನದ ಇಂಗಾಲವನ್ನು ಉಣ್ಣುವಾಗ ಅದರಿಂದ ಹೊರಬರುವ ಎಲೆಕ್ಟ್ರಾನುಗಳನ್ನು ಯಾವುದಾದರೂ ಸ್ವೀಕಾರಕಕ್ಕೆ ದಾಟಿಸಲೇಬೇಕು. ಮೊದಲು ಕರಗಿದ ಆಮ್ಲಜನಕ ಖರ್ಚಾಗುತ್ತದೆ. ಅದು ಮುಗಿದ ಮೇಲೆ ನೈಟ್ರೇಟ್, ಅನಂತರ ಮಣ್ಣಿನ ಮ್ಯಾಂಗನೀಸ್ ಮತ್ತು ಕಬ್ಬಿಣದ ಆಕ್ಸೈಡುಗಳು, ಅನಂತರ ಸಲ್ಫೇಟ್ ಬಳಕೆಯಾಗಿ, ಕೊನೆಗೆ ಮೀಥೇನ್ ಉತ್ಪಾದಿಸುವ ಹಂತ ಬರುತ್ತದೆ. ಆದ್ದರಿಂದ ವಿಘಟನೆ ನಿಜವಾಗಿ ನಡೆಯುತ್ತಿದ್ದರೆ ಅದರ ಹೆಜ್ಜೆಗುರುತು ನೀರಿನಲ್ಲಿ ಉಳಿಯಲೇಬೇಕು: ಕಲುಷಿತ ಹರವಿನ ಒಳಗೆ ಆಮ್ಲಜನಕ ಲೀಟರಿಗೆ 0.5 ಮಿಲಿಗ್ರಾಂಗಿಂತ ಕೆಳಗಿರುತ್ತದೆ, ನೈಟ್ರೇಟ್ ಮತ್ತು ಸಲ್ಫೇಟ್ ಹೊರಗಿನ ನೀರಿಗಿಂತ ಕಡಿಮೆಯಿರುತ್ತವೆ, ಕರಗಿದ ಫೆರಸ್ ಕಬ್ಬಿಣ ಮತ್ತು ಮೀಥೇನ್ ಹೆಚ್ಚಿರುತ್ತವೆ, ಕ್ಷಾರೀಯತೆ ಏರಿರುತ್ತದೆ. ಬೆಂಜೀನ್ ಇಳಿದಿದೆ ಆದರೆ ಈ ಗುರುತುಗಳು ಯಾವುವೂ ಇಲ್ಲ ಎಂದಾದರೆ, ಜೈವಿಕ ವಿಘಟನೆಯೇ ಕಾರಣವೆಂಬ ಮಾತನ್ನು ನಾನು ಒಪ್ಪುವುದಿಲ್ಲ.

ಲೆಕ್ಕವನ್ನೂ ಹಾಕಬಹುದು. ಬೆಂಜೀನ್, ಟಾಲ್ವೀನ್, ಈಥೈಲ್‌ಬೆಂಜೀನ್, ಕ್ಸೈಲೀನ್‌ಗಳ ಗುಂಪನ್ನು ಬಿಟೆಕ್ಸ್ ಎನ್ನುತ್ತೇವಲ್ಲ, ಅದರ 1 ಮಿಲಿಗ್ರಾಂ ಒಡೆಯಲು ಸರಾಸರಿ 3.14 ಮಿಲಿಗ್ರಾಂ ಆಮ್ಲಜನಕ, ಇಲ್ಲವೇ 4.9 ಮಿಲಿಗ್ರಾಂ ನೈಟ್ರೇಟ್, ಇಲ್ಲವೇ 4.7 ಮಿಲಿಗ್ರಾಂ ಸಲ್ಫೇಟ್ ಬೇಕು. ಕಬ್ಬಿಣದ ದಾರಿಯಲ್ಲಾದರೆ 21.8 ಮಿಲಿಗ್ರಾಂ ಫೆರಸ್ ಕಬ್ಬಿಣವೂ ಮೀಥೇನ್ ದಾರಿಯಲ್ಲಾದರೆ 0.78 ಮಿಲಿಗ್ರಾಂ ಮೀಥೇನೂ ಹುಟ್ಟುತ್ತವೆ. ಹರಿವಿನ ಮೇಲ್ಭಾಗದ (ಸೋರಿಕೆಯ ಜಾಗ ತಲುಪುವ ಮೊದಲಿನ) ಶುದ್ಧ ನೀರಿನಲ್ಲಿ ಲೀಟರಿಗೆ 6 ಮಿಲಿಗ್ರಾಂ ಆಮ್ಲಜನಕ ಮತ್ತು 60 ಮಿಲಿಗ್ರಾಂ ಸಲ್ಫೇಟ್ ಇದ್ದು, ಹರವಿನ ನಡುವೆ ಅವು 0.5 ಮತ್ತು 5ಕ್ಕೆ ಇಳಿದಿವೆ ಎಂದುಕೊಳ್ಳಿ. ಆಮ್ಲಜನಕದ ಬಲದಿಂದ ಒಡೆದದ್ದು ಲೀಟರಿಗೆ ಸುಮಾರು 1.75 ಮಿಲಿಗ್ರಾಂ ಬಿಟೆಕ್ಸ್ ಮಾತ್ರ; ಸಲ್ಫೇಟ್ ಬಲದಿಂದ ಒಡೆದದ್ದು ಸುಮಾರು 11.7 ಮಿಲಿಗ್ರಾಂ. ಆಮ್ಲಜನಕವನ್ನಷ್ಟೇ ಅಳೆದು ತೀರ್ಮಾನಕ್ಕೆ ಬರುವವರು ಮುಖ್ಯ ಸಂಗತಿಯನ್ನೇ ಕಾಣದೆ ಹೋಗುತ್ತಾರೆ ಎಂದು ಹೇಳುವುದಕ್ಕೇ ಈ ಉದಾಹರಣೆ ಕೊಟ್ಟೆ.

ಈ ಲೆಕ್ಕಕ್ಕೂ ಮಿತಿಯಿದೆ. ಸ್ವೀಕಾರಕಗಳನ್ನು ಬಿಟೆಕ್ಸ್ ಮಾತ್ರವಲ್ಲ, ಡೀಸೆಲ್‌ನ ಉಳಿದ ಘಟಕಗಳೂ ಮಣ್ಣಿನ ಸಾವಯವ ಅಂಶವೂ ಬಳಸುತ್ತವೆ. ಹುಟ್ಟಿದ ಫೆರಸ್ ಕಬ್ಬಿಣದ ಬಹುಪಾಲು ನೀರಿನಲ್ಲಿ ಉಳಿಯದೆ ಖನಿಜವಾಗಿ ಮಣ್ಣಿಗೆ ಸೇರುತ್ತದೆ, ಮೀಥೇನಿನ ಒಂದು ಭಾಗ ಗುಳ್ಳೆಯಾಗಿ ಮೇಲೇರುತ್ತದೆ. ಹಾಗಾಗಿ ಇದನ್ನು ನೆಲದ ಸಾಮರ್ಥ್ಯದ ಅಂದಾಜೆಂದು ಓದಬೇಕೇ ಹೊರತು ನಡೆದ ವಿಘಟನೆಯ ನಿಖರ ಲೆಕ್ಕಪತ್ರವೆಂದಲ್ಲ.

ಮಾದರಿ ತೆಗೆದ ವಿಧಾನವನ್ನೂ ವಿಚಾರಿಸಿ. ಆಮ್ಲಜನಕವನ್ನೂ ಫೆರಸ್ ಕಬ್ಬಿಣವನ್ನೂ ಬಾವಿಯ ಬಳಿಯಲ್ಲೇ, ಗಾಳಿ ತಗುಲದಂತೆ ಅಳೆಯಬೇಕು. ಬಾಟಲಿಯಲ್ಲಿ ಪ್ರಯೋಗಾಲಯ ತಲುಪುವಷ್ಟರಲ್ಲಿ ಆಮ್ಲಜನಕ ಏರಿ, ಕಬ್ಬಿಣ ತುಕ್ಕಾಗಿ ತಳ ಸೇರಿರುತ್ತದೆ. ಬೆಂಜೀನ್ ಮಾದರಿಯನ್ನು ಒಂದು ಗುಳ್ಳೆಯೂ ಉಳಿಯದಂತೆ ಪುಟ್ಟ ಗಾಜಿನ ಶೀಶೆಗೆ ತುಂಬಿ, ಆಮ್ಲ ಬೆರೆಸಿ ಪಿಎಚ್ 2ಕ್ಕಿಂತ ಕೆಳಗಿಳಿಸಿ, ತಂಪಾಗಿಟ್ಟು ಕಳಿಸಬೇಕು. ಬಕೆಟ್ಟಿನಂತೆ ಎತ್ತಿ ಸುರಿದ ನೀರಿನಲ್ಲಿ ಬೆಂಜೀನ್ ಅಲ್ಲೇ ಆವಿಯಾಗಿ ಹೋಗುತ್ತದೆ, ವರದಿಯಲ್ಲಿ ಅದೇ ‘ವಿಘಟನೆ’ ಆಗಿಬಿಡುತ್ತದೆ.

ಅಂಕಿಅಂಶ

ನಾಲ್ಕು ಸುತ್ತುಗಳ ಬಗ್ಗೆ ಒಂದು ಮಾತು. ಇಳಿಕೆ ನಿಜವೋ ಆಕಸ್ಮಿಕವೋ ಎಂದು ನೋಡಲು ಈ ಕ್ಷೇತ್ರದಲ್ಲಿ ಸಾಮಾನ್ಯವಾಗಿ ಬಳಸುವುದು ಮ್ಯಾನ್-ಕೆಂಡಾಲ್ ಪರೀಕ್ಷೆ; ಅದು ಪ್ರತಿ ಎರಡು ಸುತ್ತುಗಳ ಜೋಡಿಯಲ್ಲೂ ನಂತರದ ಅಂಕಿ ಇಳಿದಿದೆಯೇ ಎಂದು ನೋಡುತ್ತದೆ. ನಾಲ್ಕು ಅಂಕಿಗಳನ್ನು 24 ಕ್ರಮಗಳಲ್ಲಿ ಜೋಡಿಸಬಹುದು. ಅವುಗಳಲ್ಲಿ ಪೂರ್ತಿ ಇಳಿಮುಖವಾದದ್ದು ಒಂದೇ. ಅಂದರೆ ಪ್ರತಿ ಸುತ್ತಿನಲ್ಲೂ ತಪ್ಪದೆ ಇಳಿದಿದ್ದರೆ ಮಾತ್ರ ಆಕಸ್ಮಿಕದ ಸಂಭಾವ್ಯತೆ 0.042 ಆಗಿ, ರೂಢಿಯ 0.05ರ ಗೆರೆಯೊಳಗೆ ಬರುತ್ತದೆ. ಅಕ್ಕಪಕ್ಕದ ಎರಡು ಸುತ್ತುಗಳು ಅದಲುಬದಲಾದರೆ ಸಾಕು, ಸಂಭಾವ್ಯತೆ 0.167ಕ್ಕೆ ಏರಿ, ಏನನ್ನೂ ಹೇಳಲಾಗದ ಸ್ಥಿತಿ ಬರುತ್ತದೆ. ಎಂಟು ಸುತ್ತುಗಳಿದ್ದರೆ 28 ಜೋಡಿಗಳಲ್ಲಿ 6 ಜೋಡಿಗಳು ತಿರುಗುಮುರುಗಾದರೂ ಪರೀಕ್ಷೆ ತಡೆದುಕೊಳ್ಳುತ್ತದೆ. ನಾಲ್ಕೂ ಸುತ್ತುಗಳು ಒಂದೇ ವರ್ಷದೊಳಗೆ ನಡೆದಿದ್ದರಂತೂ ಅದು ಋತುಮಾನದ ಏರಿಳಿತವೇ ಇರಬಹುದು.

ಅದಕ್ಕಿಂತಲೂ ದೊಡ್ಡ ಗೊಂದಲ ಇರುವುದು ‘ಅರ್ಧಾಯು’ (ಪ್ರಮಾಣ ಅರ್ಧಕ್ಕೆ ಇಳಿಯಲು ಬೇಕಾದ ಕಾಲ) ಎಂಬ ಅಂಕಿಯಲ್ಲಿ. ವರದಿಯಲ್ಲಿ ಅದನ್ನು ಹೇಗೆ ಲೆಕ್ಕಹಾಕಿದ್ದಾರೆಂದು ಕೇಳಲೇಬೇಕು, ಏಕೆಂದರೆ ಒಂದೇ ಹೆಸರಿನಡಿ ಮೂರು ಬೇರೆ ಬೇರೆ ದರಗಳು ಚಲಾವಣೆಯಲ್ಲಿವೆ. ಒಂದೇ ಬಾವಿಯಲ್ಲಿ ಕಾಲದೊಂದಿಗೆ ಇಳಿಯುವ ದರವು ಮೂಲ ಎಷ್ಟು ಬೇಗ ಸವೆಯುತ್ತಿದೆ ಎಂದು ಹೇಳುತ್ತದೆ. ಹರಿವಿನ ಉದ್ದಕ್ಕೂ ದೂರದೊಂದಿಗೆ ಇಳಿಯುವ ದರವು ಹರವು ಎಷ್ಟು ದೂರ ಚಾಚಬಲ್ಲದು ಎಂದು ಹೇಳುತ್ತದೆ. ಆ ಎರಡನೆಯದರಿಂದ ತೆಳುವಾಗುವಿಕೆ ಮತ್ತು ಅಂಟಿಕೊಳ್ಳುವಿಕೆಯ ಪಾಲನ್ನು ಕಳೆದಾಗ ಉಳಿಯುವುದೇ ಜೈವಿಕ ವಿಘಟನೆಯ ದರ.

ಉದಾಹರಣೆಗೆ, ಮೂಲದ ಬಾವಿಯಲ್ಲಿ ಬೆಂಜೀನ್ ಮೂರು ವರ್ಷಗಳಲ್ಲಿ ಲೀಟರಿಗೆ 2,000ದಿಂದ 1,000 ಮೈಕ್ರೋಗ್ರಾಂಗೆ ಇಳಿಯಿತು ಎಂದಿಟ್ಟುಕೊಳ್ಳೋಣ. ಅರ್ಧಾಯು 3 ವರ್ಷ. ವಿಶ್ವ ಆರೋಗ್ಯ ಸಂಸ್ಥೆಯು ಕುಡಿಯುವ ನೀರಿಗೆ ಹೇಳಿರುವ 10 ಮೈಕ್ರೋಗ್ರಾಂ ಮಟ್ಟವನ್ನು ತಲುಪಲು, ಇಳಿಕೆ ಇದೇ ವೇಗದಲ್ಲಿ ಮುಂದುವರಿದರೆ, ಇನ್ನೂ ಸುಮಾರು 20 ವರ್ಷ ಬೇಕು. ಈಗ ಅದೇ ತಾಣದಲ್ಲಿ ಮೂಲದಲ್ಲಿ 1,000 ಇರುವ ಬೆಂಜೀನ್ ಹರಿವಿನ ದಿಕ್ಕಿನಲ್ಲಿ 60 ಮೀಟರ್ ಮುಂದಿನ ಬಾವಿಯಲ್ಲಿ 10 ಇದೆ, ನೀರು ವರ್ಷಕ್ಕೆ 30 ಮೀಟರ್ ಸಾಗುತ್ತದೆ ಎನ್ನೋಣ. ದೂರದ ಲೆಕ್ಕದಲ್ಲಿ ಅರ್ಧಾಯು ನಾಲ್ಕು ತಿಂಗಳಿಗೂ ಕಡಿಮೆ ಬರುತ್ತದೆ. ಈ ಎರಡನೆಯ ಅಂಕಿಯನ್ನು ತೆಗೆದುಕೊಂಡು ‘ಎರಡು ವರ್ಷಗಳಲ್ಲಿ ತಾಣ ಶುದ್ಧವಾಗುತ್ತದೆ’ ಎಂದು ಬರೆದ ವರದಿಯನ್ನು ನಾನು ಓದಿದ್ದೇನೆ. ಎರಡು ವರ್ಷಕ್ಕೂ ಇಪ್ಪತ್ತು ವರ್ಷಕ್ಕೂ ನಡುವೆ ಒಂದು ಪೀಳಿಗೆಯ ಮಕ್ಕಳು ಬೆಳೆದು ದೊಡ್ಡವರಾಗುತ್ತಾರೆ. ಇದು ಅಲಕ್ಷಿಸಬಹುದಾದ ವ್ಯತ್ಯಾಸವಲ್ಲ.

ತಾಣಪಾಲಕ

ಮೂವರಿಗೂ ಕೃತಜ್ಞತೆಗಳು. ವರದಿಯ ಅನುಬಂಧಗಳನ್ನು ಮತ್ತೆ ಓದಿ ನೋಡಿದೆ. ನೀರಿನ ಮಟ್ಟವು ನಾಲ್ಕೂ ಸುತ್ತುಗಳಲ್ಲಿ ಏರುತ್ತಲೇ ಬಂದಿದೆ. ಅದನ್ನು ಬೆಂಜೀನ್ ಅಂಕಿಯ ಪಕ್ಕದಲ್ಲಿಟ್ಟು ಯಾರೂ ನೋಡಿಲ್ಲ. ಸಲ್ಫೇಟ್ ಮತ್ತು ಕಬ್ಬಿಣದ ಅಂಕಿಗಳು ಇವೆ, ಆದರೆ ಹರಿವಿನ ಮೇಲ್ಭಾಗದಲ್ಲಿ ಶುದ್ಧ ನೀರಿನ ಬಾವಿ ಒಂದೂ ಇಲ್ಲದ್ದರಿಂದ ಅವನ್ನು ಯಾವುದಕ್ಕೆ ಹೋಲಿಸಬೇಕೆಂಬುದೇ ತಿಳಿಯುತ್ತಿಲ್ಲ. ಒಂದು ಬಾವಿಯಲ್ಲಿ ಡೀಸೆಲ್‌ನ ತೆಳುಪದರ ಈಗಲೂ ತೇಲುತ್ತಿದೆ. ಪೆಟ್ರೋಲಿನಲ್ಲಿ ಎಂಟಿಬಿಇ ಎಂಬ ರಾಸಾಯನಿಕವನ್ನು ಬೆರೆಸುತ್ತಿದ್ದ ಕಾಲದಲ್ಲೂ ಆ ಟ್ಯಾಂಕುಗಳು ಬಳಕೆಯಲ್ಲಿದ್ದವು. ವರದಿಯಲ್ಲಿ ಅದರ ಹೆಸರೇ ಇಲ್ಲ. ನೀರು ಏರಿದ್ದು ಕಾರಣವೋ ವಿಘಟನೆ ಕಾರಣವೋ ಎಂಬುದನ್ನು ಬೇರ್ಪಡಿಸುವ ದಾರಿ ಇದೆಯೇ?

ನೆಲಜಲ

ಮೇಲ್ಭಾಗದ ಬಾವಿ ಇಲ್ಲದೆ ಎರಡನೆಯ ಹಂತದ ಪುರಾವೆ ನಿಲ್ಲುವುದಿಲ್ಲ. ಅದನ್ನು ಮೊದಲು ಕೊರೆಸಿ. ಅದು ಟ್ಯಾಂಕುಗಳಿದ್ದ ಅದೇ ಜಲಪದರದಲ್ಲಿ, ಅದೇ ಆಳದಲ್ಲಿ ಜಾಲರಿ ಹೊಂದಿರಬೇಕು. ಬೇರೆ ಆಳದ ನೀರಿನ ಸಲ್ಫೇಟ್ ಬೇರೆಯೇ ಇರಬಹುದು.

ಅಣುಜೀವಿ

ಬೇರ್ಪಡಿಸುವ ದಾರಿಗಳಿವೆ, ಮತ್ತು ಈ ಕ್ಷೇತ್ರದಲ್ಲಿ ನನಗೆ ಅತ್ಯಂತ ಇಷ್ಟವಾದ ಭಾಗವೇ ಇದು.

ಸರಳವಾದದ್ದು ಅನುಪಾತದ ದಾರಿ. ಪೆಟ್ರೋಲಿನಲ್ಲಿರುವ ಟ್ರೈಮೀಥೈಲ್‌ಬೆಂಜೀನ್‌ಗಳು ಆಮ್ಲಜನಕವಿಲ್ಲದ ನೀರಿನಲ್ಲಿ ಸಾಮಾನ್ಯವಾಗಿ ನಿಧಾನವಾಗಿ ಒಡೆಯುತ್ತವೆ. ಬರೀ ತೆಳುವಾಗುತ್ತಿದ್ದರೆ ಟಾಲ್ವೀನ್, ಬೆಂಜೀನ್, ಟ್ರೈಮೀಥೈಲ್‌ಬೆಂಜೀನ್ ಎಲ್ಲವೂ ಸರಿಸುಮಾರು ಒಂದೇ ಪ್ರಮಾಣದಲ್ಲಿ ಇಳಿಯಬೇಕು. ಟಾಲ್ವೀನ್ ಮಾಯವಾಗಿ ಟ್ರೈಮೀಥೈಲ್‌ಬೆಂಜೀನ್ ಉಳಿದಿದ್ದರೆ ಅಲ್ಲಿ ಆಯ್ಕೆ ನಡೆದಿದೆ ಎಂದರ್ಥ, ಮತ್ತು ಆಯ್ದು ಉಣ್ಣುವುದು ಜೀವಿಗಳ ಲಕ್ಷಣ. ಮಳೆನೀರು ಹಾಗೆ ಆಯ್ಕೆ ಮಾಡುವುದಿಲ್ಲ. ಇವು ಮಣ್ಣಿಗೆ ಅಂಟುವ ಪ್ರಮಾಣದಲ್ಲಿ ವ್ಯತ್ಯಾಸ ಇರುವುದನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಡೀಸೆಲ್‌ಗೂ ಇಂಥದೇ ಉಪಾಯವಿದೆ: 17 ಇಂಗಾಲಗಳ ನೇರ ಸರಪಳಿಯ ಆಲ್ಕೇನನ್ನು ಜೀವಿಗಳು ಬೇಗ ಒಡೆಯುತ್ತವೆ, ಕುದಿಬಿಂದು ಹೆಚ್ಚುಕಡಿಮೆ ಅಷ್ಟೇ ಇರುವ ಕವಲೊಡೆದ ಪ್ರಿಸ್ಟೇನನ್ನು ನಿಧಾನವಾಗಿ ಒಡೆಯುತ್ತವೆ. ಆವಿಯಾಗುವಿಕೆ ಇವೆರಡರ ನಡುವೆ ಭೇದ ಮಾಡುವುದಿಲ್ಲವಾದ್ದರಿಂದ, ಪ್ರಿಸ್ಟೇನಿಗೆ ಹೋಲಿಸಿದಾಗ ಆ ಆಲ್ಕೇನಿನ ಅನುಪಾತ ಇಳಿದಿದ್ದರೆ ಅದು ಜೀವಿಗಳ ಕೆಲಸವೇ.

ಎರಡನೆಯದು ಐಸೋಟೋಪ್ ದಾರಿ. ಇಂಗಾಲದಲ್ಲಿ ಬಹುಪಾಲು 12ರ ದ್ರವ್ಯರಾಶಿಯದು, ಶೇಕಡ 1ರಷ್ಟು 13ರದು. ಜೀವಿಗಳು ಹಗುರ ಇಂಗಾಲದ ಬಂಧವನ್ನು ತುಸು ಬೇಗ ಮುರಿಯುವುದರಿಂದ, ಒಡೆಯದೆ ಉಳಿದ ಬೆಂಜೀನ್‌ನಲ್ಲಿ ಭಾರ ಇಂಗಾಲದ ಪಾಲು ಏರುತ್ತಾ ಹೋಗುತ್ತದೆ. ತೆಳುವಾಗುವಿಕೆಯಿಂದ ಈ ಏರಿಕೆ ಆಗುವುದೇ ಇಲ್ಲ. ಮೂಲದ ಬಾವಿಗೂ ಕೆಳಭಾಗದ ಬಾವಿಗೂ ನಡುವೆ ಸಾವಿರದಲ್ಲಿ 2 ಭಾಗಕ್ಕಿಂತ ಹೆಚ್ಚು ವ್ಯತ್ಯಾಸ ಕಂಡರೆ ಅದನ್ನು ವಿಘಟನೆಯ ಗಟ್ಟಿ ಪುರಾವೆಯೆಂದು ಒಪ್ಪುವ ರೂಢಿಯಿದೆ. ಆಮ್ಲಜನಕವಿರುವ ಕಡೆ ಬೆಂಜೀನ್‌ನ ಇಂಗಾಲದಲ್ಲಿ ಈ ಬದಲಾವಣೆ ಚಿಕ್ಕದಾಗಿರುತ್ತದೆ. ಆದ್ದರಿಂದ ವ್ಯತ್ಯಾಸ ಕಾಣದಿದ್ದ ಮಾತ್ರಕ್ಕೆ ವಿಘಟನೆಯೇ ಇಲ್ಲವೆಂದು ಹೇಳಲಾಗದು.

ಮೂರನೆಯದು ಜೀವಿಗಳ ಕೈಗುರುತನ್ನೇ ಹುಡುಕುವುದು. ಆಮ್ಲಜನಕವಿಲ್ಲದೆ ಟಾಲ್ವೀನನ್ನು ಒಡೆಯುವ ಬ್ಯಾಕ್ಟೀರಿಯಾಗಳು ಮೊದಲ ಹೆಜ್ಜೆಯಲ್ಲಿ ಬೆಂಜೈಲ್‌ಸಕ್ಸಿನೇಟ್ ಎಂಬ ವಸ್ತುವನ್ನು ತಯಾರಿಸುತ್ತವೆ. ಅದು ಪೆಟ್ರೋಲಿನಲ್ಲಿ ಇರುವ ವಸ್ತುವಲ್ಲ. ನೀರಿನಲ್ಲಿ ಅದು ಸಿಕ್ಕಿತೆಂದರೆ, ಮಾದರಿ ತೆಗೆದ ಹೊತ್ತಿನಲ್ಲಿ ಅಲ್ಲಿ ವಿಘಟನೆ ನಡೆಯುತ್ತಿತ್ತು ಎಂದು ಧೈರ್ಯವಾಗಿ ಹೇಳಬಹುದು.

ಎಂಟಿಬಿಇ ವಿಷಯವನ್ನು ಹಗುರವಾಗಿ ಬಿಡಬೇಡಿ. ಅದು ನೀರಿನಲ್ಲಿ ಬೆಂಜೀನ್‌ಗಿಂತ ಬಹುಪಟ್ಟು ಹೆಚ್ಚು ಕರಗುತ್ತದೆ, ಮಣ್ಣಿಗೆ ಅಂಟುವುದಿಲ್ಲ, ನಿಧಾನವಾಗಿ ಒಡೆಯುತ್ತದೆ. ನೀರು ಹೋದಲ್ಲೆಲ್ಲ ಜೊತೆಗೆ ಹೋಗುತ್ತದೆ. 1996ರಲ್ಲಿ ಕ್ಯಾಲಿಫೋರ್ನಿಯಾದ ಸಾಂಟಾ ಮೋನಿಕಾ ನಗರವು ಇದರಿಂದಾಗಿ ತನ್ನ ಕುಡಿಯುವ ನೀರಿನ ಬಾವಿಗಳನ್ನು ಮುಚ್ಚಬೇಕಾಯಿತು. ಅದು ಒಡೆದಾಗಲೂ ಟಿಬಿಎ ಎಂಬ, ನೀರಿನಲ್ಲಿ ಸಲೀಸಾಗಿ ಕರಗುವ ಇನ್ನೊಂದು ವಸ್ತು ಹುಟ್ಟುತ್ತದೆ, ಎರಡನ್ನೂ ಅಳೆಯಿಸಬೇಕು. ಎಥನಾಲ್ ಬೆರೆತ ಇಂಧನವೂ ಸೋರಿದ್ದರೆ ಬೇರೊಂದು ತೊಡಕು: ಜೀವಿಗಳು ಮೊದಲು ಎಥನಾಲನ್ನೇ ಉಣ್ಣುತ್ತಾ ಸ್ವೀಕಾರಕಗಳನ್ನು ಖಾಲಿ ಮಾಡುವುದರಿಂದ, ಬೆಂಜೀನ್ ಹೆಚ್ಚು ದೂರ ಸಾಗಬಹುದು.

ಮೂಲಶೋಧ

ಚರ್ಚೆಯೆಲ್ಲ ಕರಗಿದ ಬೆಂಜೀನ್ ಸುತ್ತ ನಡೆದಿದೆ. ತಾಣಪಾಲಕರ ಬಾವಿಯಲ್ಲಿ ತೇಲುತ್ತಿರುವ ಡೀಸೆಲ್ ಬಗ್ಗೆ ನಾನು ಸೇರಿಸಬಯಸುತ್ತೇನೆ, ಏಕೆಂದರೆ ನೀರಿಗೆ ವರ್ಷಗಟ್ಟಲೆ ಮಾಲಿನ್ಯ ಒದಗಿಸುವ ಮೂಲ ಇಂಥ ಎಣ್ಣೆಯೇ. ನೀರಿನಲ್ಲಿ ಕರಗಿರುವುದು ಒಟ್ಟು ಇಂಧನದ ಅಲ್ಪ ಭಾಗ. ಬಹುಪಾಲು ಮಣ್ಣಿನ ಸಂದುಗಳಲ್ಲಿ ಎಣ್ಣೆಯಾಗಿಯೇ ಕುಳಿತಿರುತ್ತದೆ.

ಇದರ ಬಗ್ಗೆ ಜಗತ್ತಿಗೆ ಹೆಚ್ಚು ಕಲಿಸಿದ ತಾಣ ಅಮೆರಿಕದ ಮಿನ್ನೆಸೋಟ ರಾಜ್ಯದ ಬೆಮಿಜಿ. ಅಲ್ಲಿ 1979ರ ಆಗಸ್ಟ್ 20ರಂದು ಕಚ್ಚಾ ತೈಲದ ಕೊಳವೆಮಾರ್ಗ ಒಡೆದು ಸುಮಾರು 17 ಲಕ್ಷ ಲೀಟರ್ ತೈಲ ಚೆಲ್ಲಿತು. ತೆಗೆಯಲು ಸಾಧ್ಯವಾದಷ್ಟನ್ನು ತೆಗೆದ ಮೇಲೂ ಸುಮಾರು 4 ಲಕ್ಷ ಲೀಟರ್ ನೆಲದಲ್ಲಿ ಉಳಿಯಿತು. ಅಮೆರಿಕದ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ 1983ರಿಂದ ಆ ತಾಣವನ್ನು ಅಧ್ಯಯನ ಮಾಡುತ್ತಾ ಬಂದಿದೆ. ಮಾಲಿನ್ಯವು ಬರೀ ನೀರಿನ ಹರಿವಿನ ಲೆಕ್ಕದಲ್ಲಿ ಸಾಗಬೇಕಾದಷ್ಟು ದೂರ ಸಾಗಲಿಲ್ಲ, ಜೀವಿಗಳು ಅದನ್ನು ಹಿಡಿದಿಟ್ಟವು ಎಂಬುದು ಅಲ್ಲಿ ಸಿಕ್ಕ ಭರವಸೆ. ದಶಕಗಳು ಕಳೆದರೂ ತೈಲ ಇನ್ನೂ ಅಲ್ಲೇ ಇದೆ ಎಂಬುದು ಅಲ್ಲಿಯೇ ಸಿಕ್ಕ ಎಚ್ಚರಿಕೆ. ಎರಡನ್ನೂ ಒಟ್ಟಿಗೆ ಓದಬೇಕು.

ಮೂಲ ಎಷ್ಟು ವೇಗದಲ್ಲಿ ಸವೆಯುತ್ತಿದೆ ಎಂಬುದನ್ನು ನೆಲದ ಮೇಲಿನಿಂದಲೇ ಅಳೆಯಬಹುದು. ಎಣ್ಣೆ ಇರುವ ಪದರದಲ್ಲಿ ಮೀಥೇನ್ ಹುಟ್ಟಿ ಮೇಲೇರುತ್ತದೆ. ಒಣ ಮಣ್ಣಿನಲ್ಲಿ ಕೆಳಗಿಳಿಯುವ ಆಮ್ಲಜನಕವನ್ನು ಸಂಧಿಸಿದಲ್ಲಿ ಇಂಗಾಲದ ಡೈಆಕ್ಸೈಡ್ ಆಗುತ್ತದೆ, ಜೊತೆಗೆ ಶಾಖವೂ ಹೊರಬರುತ್ತದೆ. ನೆಲದ ಮೇಲೆ ಮುಚ್ಚಿದ ಪೆಟ್ಟಿಗೆ ಇಟ್ಟು ಹೊರಬರುವ ಡೈಆಕ್ಸೈಡನ್ನು ಅಳೆಯಬಹುದು, ಅಥವಾ ಬೇರೆ ಬೇರೆ ಆಳದಲ್ಲಿ ಉಷ್ಣಾಂಶ ಅಳೆದು ಹೊರಗಿನ ಮಣ್ಣಿಗೆ ಹೋಲಿಸಬಹುದು. ಬೇರುಗಳೂ ಕೊಳೆತ ಎಲೆಗಳೂ ಡೈಆಕ್ಸೈಡ್ ಕೊಡುತ್ತವಲ್ಲ ಎಂಬ ಆಕ್ಷೇಪಕ್ಕೆ ಉತ್ತರ ವಿಕಿರಣಶೀಲ ಇಂಗಾಲ-14. ಅದರ ಅರ್ಧಾಯು ಸುಮಾರು 5,730 ವರ್ಷಗಳಾದ್ದರಿಂದ ಕೋಟ್ಯಂತರ ವರ್ಷ ಹಳೆಯದಾದ ಪೆಟ್ರೋಲಿಯಂನಲ್ಲಿ ಅದು ಉಳಿದಿರುವುದೇ ಇಲ್ಲ, ಇಂದಿನ ಸಸ್ಯಗಳಲ್ಲಿ ಇರುತ್ತದೆ. ಹೀಗೆ ಅಳೆದ ತಾಣಗಳಲ್ಲಿ ಹೆಕ್ಟೇರಿಗೆ ವರ್ಷಕ್ಕೆ ಸಾವಿರಾರು ಲೀಟರ್‌ಗಳಿಂದ ಹತ್ತಾರು ಸಾವಿರ ಲೀಟರ್‌ವರೆಗೆ ಇಂಧನ ಸವೆಯುತ್ತಿರುವುದು ಕಂಡುಬಂದಿದೆ.

ಆದರೆ ಒಟ್ಟು ಇಂಧನ ಸವೆಯುವುದೇ ಬೇರೆ, ಬೆಂಜೀನ್ ಸವೆಯುವುದೇ ಬೇರೆ. ಡೈಆಕ್ಸೈಡ್ ಆಗಿ ಹೊರಬಂದದ್ದು ಹೆಚ್ಚಾಗಿ ಅಪಾಯ ಕಡಿಮೆಯಿರುವ ಆಲ್ಕೇನ್‌ಗಳೇ ಆಗಿರಬಹುದು. ಆದ್ದರಿಂದ ಈ ಅಳತೆ ನೀರಿನ ಪರೀಕ್ಷೆಗೆ ಪೂರಕವಾಗಬಲ್ಲದು, ಅದರ ಸ್ಥಾನವನ್ನು ತುಂಬಲಾರದು.

ಊರಂಚು

ನಾನು ತಜ್ಞನಲ್ಲ. ಇಂಥದೇ ಒಂದು ಆವರಣದ ಪಕ್ಕದಲ್ಲಿ ನಮ್ಮ ಮನೆಯಿದೆ, ನಾವು ಬಾವಿಯ ನೀರನ್ನೇ ಕುಡಿಯುತ್ತೇವೆ. ಮೇಲಿನ ಮಾತುಗಳನ್ನು ಓದಿದಾಗ, ಇಂಧನ ಒಡೆದುಹೋಯಿತು ಎಂದ ಕೂಡಲೇ ನೀರು ಒಳ್ಳೆಯದಾಯಿತು ಎಂದು ತಿಳಿಯಬಹುದೇ ಎಂಬ ಪ್ರಶ್ನೆ ಎದ್ದಿದೆ. ಒಡೆದು ಏನಾಗುತ್ತದೆ? ಆ ನೀರಿನಲ್ಲಿ ಬೇರೇನಾದರೂ ಸೇರುತ್ತದೆಯೇ?

ಅಣುಜೀವಿ

ಇದನ್ನು ನಾವು ಮೊದಲೇ ಎತ್ತಬೇಕಿತ್ತು. ಕೇಳಿದ್ದು ಬಹಳ ಒಳ್ಳೆಯದಾಯಿತು. ಒಡೆದುಹೋಯಿತು ಎಂದ ಮಾತ್ರಕ್ಕೆ ನೀರು ಕುಡಿಯಲು ಯೋಗ್ಯ ಎಂದು ತಿಳಿಯಬಾರದು.

ಪೂರ್ತಿ ವಿಘಟನೆಯಾದರೆ ಉಳಿಯುವುದು ಇಂಗಾಲದ ಡೈಆಕ್ಸೈಡ್, ನೀರು ಮತ್ತು ಮೀಥೇನ್. ಆದರೆ ಅರ್ಧ ದಾರಿಯಲ್ಲಿ ಆಮ್ಲಗಳು, ಆಲ್ಕೋಹಾಲುಗಳು, ಕೀಟೋನುಗಳು ಮುಂತಾದ ಮಧ್ಯಂತರ ವಸ್ತುಗಳು ಹುಟ್ಟಿ, ಮೂಲ ಇಂಧನಕ್ಕಿಂತ ಸುಲಭವಾಗಿ ನೀರಿನಲ್ಲಿ ಕರಗಿ ಸಾಗುತ್ತವೆ. ಬೆಮಿಜಿಯಲ್ಲೂ ಇವುಗಳ ಹರವು ಬೆಂಜೀನ್ ಹರವನ್ನು ಮೀರಿ ಚಾಚಿರುವುದು ಕಂಡಿದೆ. ಕೆಲವು ಪ್ರಯೋಗಾಲಯಗಳು ಡೀಸೆಲ್ ಪ್ರಮಾಣ ಅಳೆಯುವ ಮುನ್ನ ಸಿಲಿಕಾ ಜೆಲ್ ಬಳಸಿ ಈ ವಸ್ತುಗಳನ್ನು ಬೇರ್ಪಡಿಸುತ್ತವೆ. ಆಗ ವರದಿಯಲ್ಲಿ ಡೀಸೆಲ್ ಕಡಿಮೆ ಕಾಣುತ್ತದೆ. ತಾಣಪಾಲಕರೇ, ನಿಮ್ಮ ಅಂಕಿಗಳು ಹಾಗೆ ಶೋಧಿಸಿದ ಬಳಿಕದವೋ ಮೊದಲಿನವೋ ಎಂದು ಕೇಳಿ, ಎರಡನ್ನೂ ಕೊಡಬೇಕೆಂದು ಒತ್ತಾಯಿಸಿ.

ಇನ್ನೊಂದು ಆರ್ಸೆನಿಕ್. ಮಣ್ಣಿನ ಕಬ್ಬಿಣದ ಆಕ್ಸೈಡುಗಳಿಗೆ ಸ್ವಾಭಾವಿಕವಾಗಿಯೇ ಅಲ್ಪ ಆರ್ಸೆನಿಕ್ ಅಂಟಿಕೊಂಡಿರುತ್ತದೆ. ಇಂಧನ ಉಣ್ಣುವ ಜೀವಿಗಳು ಆ ಕಬ್ಬಿಣವನ್ನು ಕರಗಿಸಿದಾಗ ಆರ್ಸೆನಿಕ್ ಬಿಡುಗಡೆಯಾಗಿ ನೀರಿಗೆ ಸೇರುತ್ತದೆ. ಬೆಮಿಜಿಯ ಹರವಿನೊಳಗೆ ಅದು ಲೀಟರಿಗೆ 200 ಮೈಕ್ರೋಗ್ರಾಂ ದಾಟಿದ್ದು ದಾಖಲಾಗಿದೆ; ಕುಡಿಯುವ ನೀರಿಗೆ ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು 10. ಚೆಲ್ಲಿದ ಎಣ್ಣೆ ತಂದ ಆರ್ಸೆನಿಕ್ ಅಲ್ಲ ಅದು, ವಿಘಟನೆಯ ಕ್ರಿಯೆಯೇ ಮಣ್ಣಿನಿಂದ ಎಬ್ಬಿಸಿದ್ದು. ಹರವು ದಾಟಿ ಆಮ್ಲಜನಕವಿರುವ ನೀರನ್ನು ತಲುಪಿದಾಗ ಕಬ್ಬಿಣದ ಜೊತೆ ಮತ್ತೆ ಮಣ್ಣಿಗಿಳಿಯಬಹುದು, ಆದರೆ ಅಳೆಯದೆ ಹಾಗೆಂದು ನಂಬಬಾರದು. ನಿಮ್ಮ ಬಾವಿಯ ನೀರಿನಲ್ಲಿ ಬೆಂಜೀನ್, ಎಂಟಿಬಿಇ, ಆರ್ಸೆನಿಕ್, ಮ್ಯಾಂಗನೀಸ್ ಪರೀಕ್ಷೆ ಮಾಡಿಸುವ ಹೊಣೆ ಆ ಆವರಣದ ಮಾಲೀಕರದು ಎಂದು ನಾನು ದೃಢವಾಗಿ ಹೇಳುತ್ತೇನೆ. ಫಲಿತಾಂಶ ಬರುವವರೆಗೆ ಕುಡಿಯಲು ಬೇರೆ ನೀರು ಬಳಸಿ. ಕುದಿಸಿದರೆ ಆರ್ಸೆನಿಕ್ ಹೋಗುವುದಿಲ್ಲ.

ಮೂಲಶೋಧ

ಆವಿಯ ಬಗ್ಗೆಯೂ ಒಂದು ಮಾತು ಸೇರಿಸುತ್ತೇನೆ. ಎಣ್ಣೆಗೂ ಕಟ್ಟಡದ ತಳಕ್ಕೂ ನಡುವೆ ಆಮ್ಲಜನಕವಿರುವ ಕೆಲವು ಮೀಟರ್ ಶುದ್ಧ ಮಣ್ಣಿದ್ದರೆ ಬೆಂಜೀನ್ ಆವಿ ಸಾಮಾನ್ಯವಾಗಿ ಅಲ್ಲೇ ಒಡೆದುಹೋಗುತ್ತದೆ. ಎಣ್ಣೆ ಕಟ್ಟಡದ ಬುಡದಲ್ಲೇ ಇದ್ದರೆ, ಅಥವಾ ಹಳೆಯ ಕೊಳವೆ ಹಾದಿಗಳಿದ್ದರೆ, ಆ ಭರವಸೆ ಇಲ್ಲ.

ತಾಣಪಾಲಕ

ವರದಿಯನ್ನು ಈ ರೂಪದಲ್ಲಿ ಒಪ್ಪುವುದಿಲ್ಲವೆಂದು ಆಡಳಿತ ವರ್ಗಕ್ಕೆ ಬರೆದಿದ್ದೇನೆ. ಹರಿವಿನ ಮೇಲ್ಭಾಗದಲ್ಲಿ ಬಾವಿ, ತೇಲುವ ಡೀಸೆಲನ್ನು ತೆಗೆಯುವ ಕೆಲಸ, ಎಂಟಿಬಿಇ ಮತ್ತು ಆರ್ಸೆನಿಕ್ ಪರೀಕ್ಷೆ, ಮೂಲದ ಮತ್ತು ಕೆಳಭಾಗದ ಬಾವಿಗಳಲ್ಲಿ ಐಸೋಟೋಪ್ ವಿಶ್ಲೇಷಣೆ, ನೀರಿನ ಮಟ್ಟ ಇಳಿದಿರುವ ಋತುವನ್ನೂ ಒಳಗೊಂಡ ಇನ್ನಷ್ಟು ಸುತ್ತುಗಳು ಆಗುವವರೆಗೆ ಈಗಿರುವ ಪಂಪನ್ನು ನಿಲ್ಲಿಸಬಾರದೆಂದು ಕೋರಿದ್ದೇನೆ. ಆವರಣದ ಆಚೆ ಕುಡಿಯುವ ನೀರಿನ ಬಾವಿಗಳಿವೆ. ಅವುಗಳಿಗೆ ಮಾಲಿನ್ಯ ತಲುಪುವ ಮೊದಲೇ ತಿಳಿಯುವಂತೆ ಕಾವಲು ಬಾವಿಯನ್ನು ಎಲ್ಲಿ ಇಡಬೇಕು?

ನೆಲಜಲ

ದೂರವನ್ನು ಕಾಲದಿಂದ ಲೆಕ್ಕಹಾಕಿ. ಕಾವಲು ಬಾವಿಯಲ್ಲಿ ಬೆಂಜೀನ್ ಕಂಡ ದಿನದಿಂದ, ಮರುಪರೀಕ್ಷೆ ಮಾಡಿ ಖಚಿತಪಡಿಸಿಕೊಂಡು, ಅನುಮತಿ ಮತ್ತು ಹಣ ಹೊಂದಿಸಿ, ಪಂಪನ್ನೋ ತಡೆಯನ್ನೋ ನಿಜವಾಗಿ ಕೆಲಸಕ್ಕೆ ಹಚ್ಚುವವರೆಗೆ ನಿಮ್ಮ ಸಂಸ್ಥೆಗೆ ಎಷ್ಟು ಕಾಲ ಹಿಡಿಯುತ್ತದೆ ಎಂದು ಪ್ರಾಮಾಣಿಕವಾಗಿ ಅಂದಾಜು ಮಾಡಿ. ಅದು ಎರಡು ವರ್ಷ ಎಂದಾದರೆ, ನೀರು ವರ್ಷಕ್ಕೆ 30 ಮೀಟರ್ ಸಾಗುವ ನೆಲದಲ್ಲಿ ಕಾವಲು ಬಾವಿಯು ಕುಡಿಯುವ ಬಾವಿಗಿಂತ ಕನಿಷ್ಠ 60 ಮೀಟರ್ ಮೊದಲೇ ಇರಬೇಕು. ವೇಗವನ್ನು ಲೆಕ್ಕಹಾಕುವಾಗ ಅಂತರ್ಜಲದ ಹರಿವನ್ನು ಅಂದಾಜಿಸುವ ಡಾರ್ಸಿ ಸೂತ್ರದಿಂದ ಬಂದ ಅಂಕಿಯನ್ನು ಮಣ್ಣಿನ ಪರಿಣಾಮಕಾರಿ ಸರಂಧ್ರತೆಯಿಂದ (ನೀರು ಸಾಗಬಲ್ಲ ಸಂದುಗಳ ಪಾಲಿನಿಂದ) ಭಾಗಿಸಿದ್ದಾರೆಯೇ ನೋಡಿ, ಸರಂಧ್ರತೆ 0.25 ಇರುವ ಮರಳಿನಲ್ಲಿ ಆ ಒಂದು ಭಾಗಾಕಾರ ಬಿಟ್ಟುಹೋದರೆ ವೇಗ ನಾಲ್ಕು ಪಟ್ಟು ಕಡಿಮೆ ಕಾಣುತ್ತದೆ. ಕುಡಿಯುವ ಬಾವಿಯ ಪಂಪು ನೀರನ್ನು ತನ್ನತ್ತ ಸೆಳೆಯುವುದರಿಂದ ಅದರ ಸಮೀಪದಲ್ಲಿ ವೇಗ ಇನ್ನೂ ಹೆಚ್ಚಿರುತ್ತದೆ ಎಂಬುದನ್ನೂ ಸೇರಿಸಿಕೊಳ್ಳಿ. ಎಂಟಿಬಿಇ ಸಿಕ್ಕರೆ ಅದರ ಲೆಕ್ಕವನ್ನೇ ಹಿಡಿಯಿರಿ, ಬೆಂಜೀನ್ ಲೆಕ್ಕವನ್ನಲ್ಲ.

ಯಾವ ಅಂಕಿ ಕಂಡರೆ ಯಾವ ಕ್ರಮ ಎಂಬುದನ್ನು ಬಾವಿ ಕೊರೆಯುವ ಮೊದಲೇ ಬರಹದಲ್ಲಿ ಒಪ್ಪಿಸಿಕೊಳ್ಳಿ. ಮತ್ತು ಹರವಿನ ಈಗಿನ ಅಂಚಿಗೂ ಕುಡಿಯುವ ಬಾವಿಗೂ ನಡುವೆ ಅಷ್ಟು ದೂರವೇ ಇಲ್ಲವೆಂದು ಲೆಕ್ಕದಲ್ಲಿ ಬಂದರೆ, ನೆಲದೊಳಗಿನ ವಿಘಟನೆ ಎಷ್ಟೇ ಚೆನ್ನಾಗಿ ನಡೆಯುತ್ತಿರಲಿ, ಆ ಬಾವಿಗಳ ರಕ್ಷಣೆಗೆ ಅದೊಂದನ್ನೇ ನಂಬುವ ಯೋಜನೆಗೆ ನೀವು ಸಹಿ ಹಾಕಬೇಡಿ.